ಗಣಪತಿಯನ್ನು ನೀರಲ್ಲಿಟ್ಟ ತಿಂಗಳು

ಆ ಗುರುವಾರ ಮಧ್ಯಾಹ್ನ ನಾನು ಅಡುಗೆಮನೆಯ ಹಿಂದಿನ ಡ್ರೈ ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು ದೇವರ ಸಾಮಾನು ತಿಕ್ಕುತ್ತ ಕೂತಿದ್ದೆ. ಮರುದಿನ ಶುಕ್ರವಾರ. ದೀಪದ ಸಮೆ, ಆರತಿ ತಟ್ಟೆ, ಗಂಟೆ, ತೀರ್ಥದ ಬಟ್ಟಲು ಎಲ್ಲಕ್ಕೂ ಹುಣಸೆಹಣ್ಣು ಹಚ್ಚಿಟ್ಟಿದ್ದೆ. ಹಾಲ್‌ನಲ್ಲಿ ಟಿವಿ ಮುಂದೆ ನನ್ನ ಮಗಳು ಮತ್ತು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಎದುರು ಫ್ಲ್ಯಾಟಿನ ಗೆಳತಿ ಕೂತಿದ್ದರು. ಏಷ್ಯಾದ ದೇಶಗಳೆಲ್ಲ ಸೇರುವ ದೊಡ್ಡ ಕ್ರೀಡಾಕೂಟದಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ಕಬಡ್ಡಿ ತಂಡದ ಸೆಮಿಫೈನಲ್ ನಡೆದಿತ್ತು. ವೈನಿಯ ಮಗಳು ಆ ತಂಡದಲ್ಲಿ ಆಡುತ್ತಿದ್ದಳು. ನನ್ನ ಮಗಳು ಮನೆಯಲ್ಲಿ ಕೂತು ನೋಡುತ್ತಿದ್ದಳು. ನಾನು ಬರೆಯಲು ಹೊರಟಿರುವ ನಾಚಿಕೆಗೆಲ್ಲ ಇದೇ ಮೂಲ.

ಎದೆ ಹೊಡೆದುಕೊಳ್ಳುತ್ತದೆ, ನಾನು ನೋಡಲಾರೆ ಎಂದು ಅವರಿಗೆ ಹೇಳಿ ಒಳಗೆ ಬಂದಿದ್ದೆ. ಅದು ಸುಳ್ಳು. ವೈನಿಯ ಪಕ್ಕ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಒಳಗಿನಿಂದ ಮಗಳ ಕೂಗು ಕೇಳಿಸುತ್ತಿತ್ತು. "ಹಿಡಿ, ಹಿಡಿ, ಕಾಲ್ ಹಿಡಿ!" ಆಮೇಲೆ ಒಮ್ಮೆಲೇ ಸದ್ದಿಲ್ಲ. ಆಮೇಲೆ ವೈನಿಯ ದನಿ: "ಅಯ್ಯಯ್ಯ, ನನ್ನವ್ವಾ!"

ಹುಣಸೆಹಣ್ಣಿನ ಕೈಯಲ್ಲೇ ಓಡಿ ಬಂದೆ. ಟಿವಿಯಲ್ಲಿ ವೈನಿಯ ಮಗಳು ಮ್ಯಾಟಿನ ಮೇಲೆ ಬಲ ಮೊಣಕಾಲು ಹಿಡಿದುಕೊಂಡು ಹೊರಳುತ್ತಿದ್ದಳು. ಯಾರೋ ಡಾಕ್ಟರು ಬಂದು ಮೊಣಕಾಲಿಗೆ ಹಾಕಿದ್ದ ನೀಲಿ ನೀ-ಕ್ಯಾಪನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಆ ನೀ-ಕ್ಯಾಪ್ ನನ್ನ ಮಗಳದು. ಅದರ ಸಡಿಲಾದ ಎಲಾಸ್ಟಿಕ್ಕನ್ನು ನಾನೇ ಕೂತು ಹೊಲಿದಿದ್ದೆ.

"ಏನ್ ಆಗಿಲ್ರಿ ಮಾವಶಿ, ಏಳ್ತಾಳ," ಎಂದಳು ನನ್ನ ಮಗಳು. ವೈನಿಯ ಕೈ ಹಿಡಿದುಕೊಂಡಿದ್ದಳು. "ಏಳ್ತಾಳ ನೋಡ್ರಿ ಈಗ."

ಅವಳು ಏಳಲಿಲ್ಲ. ಇಬ್ಬರು ಹೆಗಲು ಕೊಟ್ಟು ಹೊರಗೆ ಕರೆದೊಯ್ದರು. ಅಲ್ಲಿಯವರೆಗೆ ಒಂದು ಅಂಕ ಮುಂದಿದ್ದ ನಮ್ಮ ಹುಡುಗಿಯರು ಉಳಿದ ನಾಲ್ಕು ನಿಮಿಷದಲ್ಲಿ ಎರಡು ಅಂಕದಿಂದ ಸೋತರು. ಸೆಮಿಫೈನಲ್‌ನಲ್ಲಿ ಸೋತವರಿಬ್ಬರಿಗೂ ಕಂಚು ಕೊಡುತ್ತಾರಂತೆ. ಹಾಗಂತ ಟಿವಿಯವನು ಹೇಳಿದ ರೀತಿಗೆ ಅದು ಪದಕವೋ ಪರಿಹಾರವೋ ತಿಳಿಯಲಿಲ್ಲ.

ಆ ಹುಡುಗಿ ಬಿದ್ದದ್ದು ಕಂಡಾಗ ನನ್ನ ಮನಸ್ಸಿಗೆ ಮೊದಲು ಬಂದದ್ದನ್ನು ಬರೆದುಬಿಡುತ್ತೇನೆ. ಅಯ್ಯೋ ಪಾಪ ಅನ್ನುವುದು ಎರಡನೆಯದಾಗಿ ಬಂತು. ಮೊದಲು ಬಂದದ್ದು, ಒಂದು ಜಾಗ ಖಾಲಿ ಆಯಿತು ಅನ್ನುವ ಲೆಕ್ಕ. ಆಮೇಲೆ ನನ್ನ ಕಣ್ಣು ತಾನಾಗಿ ದೇವರ ಕೋಣೆಯ ಕಡೆ ಹೋಯಿತು. ಅಲ್ಲಿ ತಾಮ್ರದ ಬಟ್ಟಲಿನಲ್ಲಿ, ಕಂಠಮಟ್ಟ ಅಲ್ಲ, ಪೂರ್ತಿ ತಲೆ ಮುಳುಗುವಷ್ಟು ನೀರಿನಲ್ಲಿ ನಮ್ಮ ಗಣಪ್ಪ ಕೂತಿದ್ದ.

ನಮ್ಮ ಕಡೆ, ಈ ಪುಣೆಯ ಕಡೆಯೂ, ಒಂದು ಪದ್ಧತಿ ಇದೆ. ಮನೆಯಲ್ಲಿ ಏನಾದರೂ ದೊಡ್ಡ ಕಷ್ಟ ಬಂದರೆ, ಆಗಲೇಬೇಕಾದದ್ದು ಆಗದೆ ನಿಂತರೆ, ದೇವರ ಮೂರ್ತಿಯನ್ನು ನೀರಲ್ಲಿ ಇಡುತ್ತಾರೆ. ಕೆಲಸ ಆಗುವವರೆಗೆ ಹೊರಗೆ ತೆಗೆಯುವುದಿಲ್ಲ. ದೇವರಿಗೇ ಹಟ ಹಿಡಿದಂತೆ. ನನ್ನ ಅತ್ತೆ ಧಾರವಾಡದ ಮನೆಯಲ್ಲಿ ಎರಡೇ ಸಲ ಇಟ್ಟಿದ್ದರಂತೆ. ಹೆಬ್ಬೆರಳಿನಷ್ಟೇ ಇರುವ ಈ ಹಿತ್ತಾಳೆ ಗಣಪ್ಪನನ್ನು ನನ್ನ ಕೈಗೆ ಕೊಡುವಾಗ ಅವರು ಹೇಳಿದ್ದರು: "ನೀರಾಗಿಡೂದು ಸಣ್ಣ ಮಾತಲ್ಲ. ಇಡೂ ಮುಂದ ಏನ್ ಬೇಡ್ತಿ ಅನ್ನೂದು ನೂರು ಸಲ ವಿಚಾರ ಮಾಡು. ಒಮ್ಮೆ ಬೇಡಿದ್ದನ್ನ ಆಮ್ಯಾಲ ತಿದ್ದಲಿಕ್ಕೆ ಬರೂದಿಲ್ಲ."

ನಾನು ಒಂದು ಸಲವೂ ವಿಚಾರ ಮಾಡಿರಲಿಲ್ಲ.

ವೈನಿಯ ಮಗಳು ಮತ್ತು ನನ್ನ ಮಗಳು ನಾಲ್ಕನೆಯ ಇಯತ್ತೆಯಿಂದ ಒಂದೇ ಮೈದಾನದಲ್ಲಿ ಆಡಿದವರು. ನಮ್ಮದು ಚಿಂಚವಾಡದಲ್ಲಿ ಕಾರ್ಖಾನೆಯವರೇ ಹೆಚ್ಚಾಗಿರುವ ಸೊಸೈಟಿ. ನಮ್ಮ ಮನೆಯವರು ಪಿಂಪ್ರಿಯಲ್ಲಿ, ವೈನಿಯ ಯಜಮಾನರು ತಳೇಗಾಂವದಲ್ಲಿ ಕೆಲಸಕ್ಕೆ. ವೈನಿ ಬೆಳಗಾವಿ ಕಡೆಯವರು, ಮನೆಯಲ್ಲೇ ರೊಟ್ಟಿ ಬಡಿದು ಕೊಡುತ್ತಾರೆ. ಹುಡುಗಿಯರನ್ನು ಮೈದಾನಕ್ಕೆ ಒಂದು ದಿನ ನಾನು ಸ್ಕೂಟರಿನಲ್ಲಿ ಬಿಟ್ಟುಬಂದರೆ ಒಂದು ದಿನ ಅವರು. ಕಬಡ್ಡಿಯಲ್ಲಿ ಎದುರಿನವಳು ದಾಳಿಗೆ ಬಂದಾಗ ಹಿಡಿಯುವವರು ಇಬ್ಬಿಬ್ಬರು ಕೈ ಕೈ ಹಿಡಿದು ನಿಲ್ಲುತ್ತಾರೆ. ಇವರಿಬ್ಬರು ಒಂಬತ್ತು ವರ್ಷ ಹಾಗೆ ಒಬ್ಬರ ಕೈ ಒಬ್ಬರು ಹಿಡಿದು ನಿಂತವರು. ನಮ್ಮ ಎರಡು ಮನೆಗಳ ನಡುವೆಯೂ ಒಂದು ಸ್ಟೀಲ್ ಡಬ್ಬಿ ಹಾಗೆಯೇ ಓಡಾಡುತ್ತಿತ್ತು. ಮೂಲದಲ್ಲಿ ಅದು ಯಾರ ಮನೆಯದೋ ಇಬ್ಬರಿಗೂ ಮರೆತುಹೋಗಿದೆ. ಅದು ಎಂದೂ ಬರಿದಾಗಿ ಹೋದದ್ದಿಲ್ಲ, ಬರಿದಾಗಿ ಬಂದದ್ದಿಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಿಮಟಿ ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತಿದ್ದೆವು.

ದೇಶದ ತಂಡದ ಶಿಬಿರಕ್ಕೆ ಇಬ್ಬರಿಗೂ ಕರೆ ಬಂದಾಗ ನಾನೂ ವೈನಿಯೂ ಗಣಪತಿ ಗುಡಿಗೆ ಹೋಗಿ ಜೋಡಿ ತೆಂಗಿನಕಾಯಿ ಒಡೆಸಿದ್ದೆವು. ಕೊನೆಯ ಪಟ್ಟಿ ಬಂತು. ಹೋಗುವವರು ಹನ್ನೆರಡು ಮಂದಿ. ವೈನಿಯ ಮಗಳ ಹೆಸರು ಆ ಹನ್ನೆರಡರಲ್ಲಿತ್ತು. ನನ್ನ ಮಗಳದು ಕೆಳಗೆ, ರಿಸರ್ವ್ ಎಂದು ಬರೆದಿದ್ದ ಕಡೆ ಇತ್ತು.

ಅವರ ಕೋಚ್ ಸರ್ ನನಗೆ ಫೋನ್ ಮಾಡಿ ಮರಾಠಿಯಲ್ಲಿ ಸಮಾಧಾನ ಹೇಳಿದರು. ನಿರಾಶೆ ಬೇಡ, ರಿಸರ್ವ್ ಅಂದರೆ ಸಣ್ಣ ಮಾತಲ್ಲ, ವಿಮಾನ ಹತ್ತುವ ದಿನದವರೆಗೂ ಯಾರಿಗೆ ಪೆಟ್ಟಾದರೂ ನಿಮ್ಮ ಮಗಳೇ ಹೋಗುತ್ತಾಳೆ, ಬ್ಯಾಗ್ ತುಂಬಿಟ್ಟಿರಿ ಎಂದರು. ಒಳ್ಳೆಯ ಮನುಷ್ಯ. ಒಳ್ಳೆಯದಕ್ಕೇ ಹೇಳಿದರು. ಆದರೆ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಿನಲ್ಲೇ, ತಾಮ್ರದ ಬಟ್ಟಲಿಗೆ ನೀರು ತುಂಬಿ ಗಣಪ್ಪನನ್ನು ಅದರೊಳಗೆ ಇಳಿಸಿದೆ. ಕೈ ಮುಗಿದು ಹೇಳಿದ ಮಾತು ಅಕ್ಷರ ಅಕ್ಷರ ನೆನಪಿದೆ. "ಗಣಪ್ಪಾ, ನನ್ನ ಮಗಳು ಹೋಗೂ ಹಂಗ ಮಾಡು. ಹೆಂಗ ಮಾಡ್ತಿ ಅನ್ನೂದು ನಿನಗ ಬಿಟ್ಟದ್ದು."

ಹೇಗೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಹೋಗಬೇಕಾದರೆ ಹನ್ನೆರಡರಲ್ಲಿ ಒಬ್ಬಳು ಬೀಳಬೇಕು. ಆ ಕೆಟ್ಟ ಭಾಗವನ್ನು ಬಾಯಿಂದ ಆಡದೆ ದೇವರ ತಲೆಗೆ ಕಟ್ಟಿ, ನಾನು ಮಡಿಯಲ್ಲಿ ಎದ್ದು ಬಂದು ಚಹಾ ಇಟ್ಟೆ.

ನಮ್ಮ ಮನೆಯವರು ನೋಡಿ ನಕ್ಕರು. "ನೀರಾಗಿಡೂದಾಗಿದ್ರ ಆ ಸೆಲೆಕ್ಷನ್ ಮಾಡಿದವರನ್ನ ಇಡಬೇಕಾಗಿತ್ತು. ಗಣಪ್ಪೇನ್ ಮಾಡ್ಯಾನ?"

ಮಗಳು ನಗಲಿಲ್ಲ. ಅವಲಕ್ಕಿ ತಿನ್ನುತ್ತಿದ್ದವಳು ಚಮಚ ಕೆಳಗಿಟ್ಟಳು.

"ಅವ್ವಾ, ಯಾರ್ ಸಲುವಾಗಿ ಇಟ್ಟೀ?"

"ನಿನ್ನ ಸಲುವಾಗಿ. ನೀ ಹೋಗಬೇಕಂತ."

"ಮತ್ತ ಯಾರ ಕಾಲ್ ಮುರೀಬೇಕಂತ ಹೇಳಿಯೇನು ಅವಗ? ಹನ್ನೆರಡು ಮಂದಿ ಅದಾರ. ಹೆಸರ ಹೇಳದಿದ್ರ ಗೊಂದಲ ಆಗ್ತದ ಪಾಪ."

"ಬಾಯಿ ಮುಚ್ಚು. ದೇವರ ವಿಷಯದಾಗ ಚೇಷ್ಟಿ ಬ್ಯಾಡ."

"ಚೇಷ್ಟಿ ನಾ ಮಾಡಾಕತ್ತಿಲ್ಲ," ಎಂದು ತಟ್ಟೆ ಎತ್ತಿಕೊಂಡು ಹೋದಳು. ಅರ್ಧ ಅವಲಕ್ಕಿ ಹಾಗೇ ಉಳಿದಿತ್ತು.

ಎರಡು ದಿನವಾದ ಮೇಲೆ ವೈನಿ ಡಬ್ಬಿಯಲ್ಲಿ ಶೇಂಗಾ ಚಟ್ನಿ ತುಂಬಿಕೊಂಡು ಬಂದರು. ದೇವರಿಗೆ ಕೈ ಮುಗಿಯಲು ಬಗ್ಗಿದವರು ಬಟ್ಟಲು ನೋಡಿ ಹಾಗೇ ನಿಂತರು.

"ಅಯ್ಯ ಅಕ್ಕಾರ, ಗಣಪ್ಪನ್ನ ನೀರಾಗಿಟ್ಟೀರಿ!"

ನಾನು ದೀಪದ ಬತ್ತಿ ಸರಿಮಾಡಲು ಬಗ್ಗಿದೆ.

"ನಮ್ಮ ಹುಡುಗಿ ಸಲುವಾಗಿ ಇಟ್ಟೀರೇನ್ರಿ? ಬಂಗಾರ ಬರಲಿ ಅಂತ?"

ಇಲ್ಲ ಅನ್ನಲು ಒಂದು ಕ್ಷಣ ಸಾಕಿತ್ತು. ನಾನು "ಹೂಂ... ಎಲ್ಲಾರ ಸಲುವಾಗಿ," ಎಂದೆ.

ವೈನಿಯ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು ಹೇಳಿದರು: "ನಿಮ್ಮ ಮಗಳು ಉಳದಾಳ, ಆದರೂ ನೀವು ನನ್ನ ಮಗಳ ಸಲುವಾಗಿ ದೇವರನ್ನ ನೀರಾಗಿಟ್ಟೀರಿ. ಖರೆ ಹೇಳ್ತೀನ್ರಿ, ನಿಮ್ಮ ಜಾಗಾದಾಗ ನಾ ಇದ್ರ ಹಿಂಗ ಮಾಡ್ತಿದ್ದಿಲ್ಲ. ನಾ ಅಷ್ಟು ದೊಡ್ಡಾಕಿ ಅಲ್ಲ."

ಅವರು ಅದನ್ನು ನಮ್ಮ ಏಕಾದಶಿ ಭಜನೆಯ ಹೆಂಗಸರಿಗೆಲ್ಲ ಹೇಳಿದರು. ಭಜನೆ ಹೇಳಿಕೊಡುವ ಮರಾಠಿ ಅಜ್ಜಿ ನನ್ನ ಗಲ್ಲ ಮುಟ್ಟಿ ದೃಷ್ಟಿ ತೆಗೆದರು. ಆ ದಿನ ತಾಳ ಹಾಕುವ ನನ್ನ ಕೈ ಎರಡು ಸಲ ತಪ್ಪಿತು. ಭಕ್ತಿ ಹೆಚ್ಚಾಯಿತು ಎಂದುಕೊಂಡರು.

ತಂಡ ಹೊರಡುವ ದಿನ ಬಂತು. ಯಾರಿಗೂ ಏನೂ ಆಗಿರಲಿಲ್ಲ. ಸೊಸೈಟಿಯ ಗೇಟಿನಲ್ಲಿ ಪೇಢೆ ಹಂಚಿದರು. ವೈನಿಯ ಮಗಳು ನಮ್ಮ ಮನೆಗೆ ಬಂದು ನನ್ನ ಕಾಲಿಗೆ ಬಿದ್ದಳು, ಆಮೇಲೆ ಆ ಬಟ್ಟಲಿಗೂ ತಲೆ ಬಾಗಿದಳು. ನನ್ನ ಮಗಳು ತುಂಬಿಟ್ಟ ತನ್ನ ಬ್ಯಾಗಿನಿಂದ ಒಂದು ನೀಲಿ ನೀ-ಕ್ಯಾಪ್ ತೆಗೆದು ಅವಳ ಕೈಯಲ್ಲಿಟ್ಟಳು.

"ಒಂದು ನಂದು ಹಾಕ್ಕೋ. ಅಂದ್ರ ಅರ್ಧಾ ನಾನೂ ಆಡಿದಂಗ."

"ನೀ ಆಡಿದ್ರ ಫೌಲ್ ಆಗ್ತದ, ಬ್ಯಾಡ," ಎಂದಳು ಅವಳು. ಇಬ್ಬರೂ ನಕ್ಕು, ನಗುತ್ತಲೇ ಅತ್ತು, ಕೆಳಗೆ ಹೋದರು. ಸಂಜೆ ನೋಡಿದರೆ ಮಗಳ ಬ್ಯಾಗು ಖಾಲಿ. ಟೀ-ಶರ್ಟುಗಳೆಲ್ಲ ಮಡಚಿ ಕಪಾಟಿಗೆ ಹೋಗಿದ್ದವು. ನಾನು ಮಡಚಿದ್ದಕ್ಕಿಂತ ಚೆನ್ನಾಗಿ ಮಡಚಿದ್ದಳು.

ಆವತ್ತೇ ಗಣಪ್ಪನನ್ನು ಹೊರಗೆ ತೆಗೆಯಬೇಕಿತ್ತು. ನಾನು ಬೇಡಿದ್ದು ಆಗಲಿಲ್ಲ, ಅಷ್ಟೇ. ಆದರೆ ವೈನಿ ದಿನಾ ಬೆಳಿಗ್ಗೆ ರೊಟ್ಟಿ ಕೆಲಸ ಮುಗಿಸಿ, ಕೈಗೆ ಹಿಟ್ಟು ಹತ್ತಿರುವಾಗಲೇ ಬಂದು ಆ ಬಟ್ಟಲಿಗೆ ಕೈ ಮುಗಿಯುತ್ತಿದ್ದರು. "ಬಂಗಾರ ಬರೂ ತನಕ ತಗೀಬ್ಯಾಡ್ರಿ ಮತ್ತ." ತೆಗೆದರೆ ಯಾಕೆ ತೆಗೆದಿರಿ ಎಂದು ಕೇಳುತ್ತಾರೆ. ಹೀಗಾಗಿ ಗಣಪ್ಪ ನನ್ನ ಸುಳ್ಳನ್ನು ಕಾಯುತ್ತ ನೀರಲ್ಲೇ ಉಳಿದ. ದಿನಾ ನೀರು ಬದಲಿಸುತ್ತಿದ್ದೆ. ಹಣೆಗೆ ಹಚ್ಚಿದ ಕುಂಕುಮ ನಿಲ್ಲುತ್ತಿರಲಿಲ್ಲ, ನೀರಿನ ಮೇಲೆ ಕೆಂಪಾಗಿ ತೇಲುತ್ತಿತ್ತು. ದಾಸವಾಳವೂ ತೇಲುತ್ತಿತ್ತು. ನಾನು ಆರತಿ ಬೆಳಗುತ್ತ, ಮೊದಲಿನ ಮಾತು ಮರೆತುಬಿಡು ಗಣಪ್ಪಾ, ಬಂಗಾರವನ್ನೇ ಕೊಡು ಎನ್ನುತ್ತಿದ್ದೆ. ಅನ್ನುವಾಗಲೇ ಅತ್ತೆಯ ಮಾತು ನೆನಪಾಗುತ್ತಿತ್ತು.

ಹೀಗಿರುವಾಗ ಆ ಗುರುವಾರ ಬಂತು.

ಸೋತ ಸಂಜೆ ಸೊಸೈಟಿಯ ವಾಟ್ಸಾಪ್ ಗುಂಪು ತೆರೆಯಲಾಗದಷ್ಟು ತುಂಬಿಹೋಯಿತು. ಕಬಡ್ಡಿ ನಮ್ಮ ಮಣ್ಣಿನ ಆಟ, ಅದರಲ್ಲೂ ಕಂಚೇ ಎಂದು ಒಬ್ಬರು. ಕ್ರಿಕೆಟ್ ಬಿಟ್ಟು ಬೇರೆ ನೋಡಿದ್ದೇ ತಪ್ಪು ಎಂದು ಇನ್ನೊಬ್ಬರು. ಮೂರನೆಯ ಮಹಡಿಯ ಒಬ್ಬ ಮಹಾಶಯರು, ಎಂದೂ ಮೆಟ್ಟಿಲು ಹತ್ತದವರು, ಆ ಹುಡುಗಿ ಒಬ್ಬಳೇ ಯಾಕೆ ಮುಂದೆ ನುಗ್ಗಿದಳು ಎಂದು ಉದ್ದಕ್ಕೆ ಬರೆದಿದ್ದರು. ಅದೇ ಗುಂಪಿನಲ್ಲಿ ವೈನಿಯೂ ಇದ್ದಾರೆ ಅನ್ನುವುದು ಯಾರಿಗೂ ನೆನಪಿರಲಿಲ್ಲ. ಬಂಗಾರ ಬಂದೇ ಬರುತ್ತದೆಂದು ಕಮಿಟಿಯವರು ಮೊದಲೇ ಒಂದು ದೊಡ್ಡ ಫ್ಲೆಕ್ಸ್ ಮಾಡಿಸಿಟ್ಟಿದ್ದರು. ಎರಡು ದಿನ ಬಿಟ್ಟು ಹಾಲು ತರಲು ಇಳಿದಾಗ ನೋಡುತ್ತೇನೆ, ವಾಚ್‌ಮನ್ ಅದನ್ನು ತನ್ನ ಸೈಕಲ್ಲಿಗೆ ಹೊದಿಸಿದ್ದ. ಸೀಟಿನ ಮೇಲೆ ಆ ಹುಡುಗಿಯ ನಗುವ ಮುಖ. ಕೇಳಿ ಇಸಿದುಕೊಂಡು ಬಂದು ಒರೆಸಿ ಅಟ್ಟದ ಮೇಲೆ ಇಟ್ಟೆ. ಬೇರೆಯವರ ಮೇಲೆ ಸಿಟ್ಟು ಬಂದಾಗ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಅದೂ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಅವರು ಸೋತ ಮೇಲೆ ಆಡಿಕೊಂಡರು. ನಾನು ಆಟಕ್ಕೆ ಮೊದಲೇ ಬೇಡಿಕೊಂಡಿದ್ದೆ.

ಸಂಜೆ ದೀಪ ಹಚ್ಚಿ ಆ ದಿನದ ದೇವರ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ಗ್ಯಾಸು ಮುಗಿಯದೆ ಅಡುಗೆ ಮುಗಿಯಿತು, ಒಂದು. ಮನೆಯವರು ಟ್ರಾಫಿಕ್ ದಾಟಿ ಸುಖವಾಗಿ ಬಂದರು, ಎರಡು. ಹೀಗೆ. ಡಾಕ್ಟರು ಸ್ಕ್ಯಾನ್ ನೋಡಿ, ಮೊಣಕಾಲಿನ ಲಿಗಮೆಂಟ್ ಪೂರ್ತಿ ಹರಿದಿಲ್ಲ, ಆಪರೇಶನ್ ಬೇಡ, ಕೆಲವು ತಿಂಗಳು ವಿಶ್ರಾಂತಿ ಸಾಕು ಎಂದರೆಂದು ವೈನಿ ಬಂದು ಹೇಳಿದಾಗ ಅದನ್ನು ಮೊದಲ ಬೆರಳಿಗೆ ಎಣಿಸಲು ಹೋದೆ. ಬೆರಳು ಮಡಚಲಿಲ್ಲ. ಅದನ್ನು ನನ್ನ ಲೆಕ್ಕಕ್ಕೆ ಹಿಡಿಯುವ ಅಧಿಕಾರ ನನಗಿಲ್ಲ ಅನ್ನಿಸಿತು.

ಆ ಹುಡುಗಿ ಮನೆಗೆ ಬಂದದ್ದು ಭಾನುವಾರ ಮುಂಜಾನೆ. ಗೇಟಿನಲ್ಲಿ ಪೇಢೆಯಿಲ್ಲ, ಜನರಿಲ್ಲ. ವೈನಿಯ ಯಜಮಾನರು ಟ್ಯಾಕ್ಸಿಯಿಂದ ಬ್ಯಾಗು ಇಳಿಸಿದರು. ಕಂಕುಳಲ್ಲಿ ಒಂದು ಊರುಗೋಲು, ಇನ್ನೊಂದು ಕಡೆ ನನ್ನ ಮಗಳ ಹೆಗಲು. ಲಿಫ್ಟಿನಿಂದ ಹೊರಬಂದವಳು ನನ್ನನ್ನು ನೋಡಿ ನಕ್ಕಳು. "ಮಾವಶಿ, ನಿಮ್ಮ ನೀ-ಕ್ಯಾಪ್ ಕಳದೆ. ಬೈಬ್ಯಾಡ್ರಿ."

ವೈನಿ ಬಾಗಿಲಲ್ಲೇ ತಡೆದರು. "ನಿಂದ್ರು, ಹಂಗ ಒಳಗ ಬರಬ್ಯಾಡ. ಅಕ್ಕಾರ, ನೀವ ನಿವಾಳಿಸ್ರಿ. ದೇವರನ್ನ ನೀರಾಗಿಟ್ಟ ಕೈ ನಿಮ್ಮದು." ನನ್ನ ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಐದು ಕೆಂಪು ಮೆಣಸಿನಕಾಯಿ ಇಟ್ಟರು. ಇಟ್ಟು, ಹಲ್ಲು ಕಚ್ಚಿ ಹೇಳಿದರು: "ಯಾರ ಕಣ್ಣ ಬಿತ್ತೋ ನನ್ನ ಮಗಳ ಮ್ಯಾಲ, ಅವರ ಕಣ್ಣಾಗ ಇದೇ ಖಾರ ಬೀಳಲಿ."

ಒಂದು ಸುತ್ತು ನಿವಾಳಿಸಿದೆ. ಎರಡು ಸುತ್ತು. ಮೂರನೆಯದಕ್ಕೆ ಕೈ ನಿಂತಿತು.

"ಯಾಕ್ರಿ?"

"ವೈನಿ, ನನ್ನ ಕೈಲೆ ಆಗೂದಿಲ್ರಿ."

"ಕೈ ನೋಯ್ತದೇನು?"

"ಆ ಕಣ್ಣು ನಂದ."

"ಅವ್ವಾ," ಎಂದಳು ಮಗಳು. "ಇಲ್ಲೇ ಯಾಕ? ಆಮ್ಯಾಲ..."

ಆಮೇಲೆ ಎಂದು ಬಿಟ್ಟಿದ್ದರೆ ನಾನು ಎಂದೂ ಹೇಳುತ್ತಿರಲಿಲ್ಲ. ಅಲ್ಲೇ, ಎರಡು ಮನೆಯ ಬಾಗಿಲುಗಳ ನಡುವೆ, ಮುಷ್ಟಿಯಲ್ಲಿ ಮೆಣಸಿನಕಾಯಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಬಂಗಾರಕ್ಕಾಗಿ ಇಟ್ಟದ್ದಲ್ಲ, ನನ್ನ ಮಗಳ ಹೆಸರು ಮೇಲೆ ಬರಲಿ ಎಂದು ಇಟ್ಟದ್ದು. ಹೇಗೆ ಮಾಡುತ್ತೀಯೋ ನಿನಗೆ ಬಿಟ್ಟದ್ದು ಎಂದು ಬೇಡಿದ್ದು. ನೀವು ಕೇಳಿದಾಗ ಸುಳ್ಳು ಹೇಳಿದ್ದು. ಅವಳು ಬಿದ್ದಾಗ ನನಗೆ ಮೊದಲು ಏನು ಅನ್ನಿಸಿತು ಅನ್ನುವುದನ್ನೂ ಬಿಡಲಿಲ್ಲ.

ಮೊದಲು ಮಾತಾಡಿದವಳು ಆ ಹುಡುಗಿಯೇ. "ಅಯ್ಯ ಮಾವಶಿ, ನನ್ನ ಕಾಲು ಗಣಪ್ಪ ಮುರದಿಲ್ರಿ. ಆ ರೇಡರ್ ನನ್ನ ಎರಡರಷ್ಟು ಇದ್ಲು. ನಾ ತಡೀಬೇಕಾಗಿತ್ತು, ಪಕ್ಕದಾಕಿ ಕೈ ಬಿಟ್ಟು ಒಬ್ಬಾಕೀನ ಮುಂದ ಹೋದೆ. ತಪ್ಪು ನಂದು. ಹನ್ನೊಂದು ಮಂದಿ ಮಾರಿ ನೋಡಲಾರದ ವಿಮಾನದಾಗ ಕಣ್ಣು ಮುಚ್ಚಿ ಕೂತು ಬಂದೀನಿ ನಾ." ಆಮೇಲೆ ನನ್ನ ಮಗಳ ಕಡೆ ತಿರುಗಿದಳು. "ನೀ ಪಕ್ಕದಾಗ ಇದ್ದಿದ್ರ ಕೈ ಬಿಡ್ತಿದ್ದಿಲ್ಲ ನಾನು."

ನನ್ನ ಮಗಳು ಅವಳ ಸೊಂಟ ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

ವೈನಿ ನನ್ನ ಮುಖ ನೋಡಲಿಲ್ಲ. ನನ್ನ ಮುಷ್ಟಿಯನ್ನು ಬಿಡಿಸಿ, ಒಂದು ಕಾಳೂ ಬೀಳದ ಹಾಗೆ ಉಪ್ಪು ಮೆಣಸಿನಕಾಯಿ ತಮ್ಮ ಕೈಗೆ ತೆಗೆದುಕೊಂಡರು. ಮೂರನೆಯ ಸುತ್ತು ತಾವೇ ನಿವಾಳಿಸಿ ಒಳಗೆ ಹೋಗಿ ಒಲೆಯ ಉರಿಗೆ ಹಾಕಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂದು ನಮ್ಮಲ್ಲಿ ನಂಬುತ್ತಾರೆ. ಘಾಟು ಬಂತು. ಎಲ್ಲರೂ ಕೆಮ್ಮಿದೆವು.

"ನೋಡವ್ವಾ, ಎಷ್ಟ ಘಾಟು!" ಹುಡುಗಿ ಕೆಮ್ಮುತ್ತಲೇ ಕೂಗಿದಳು. "ದೃಷ್ಟಿ ಇಲ್ಲೇ ಇಲ್ಲ."

ಒಳಗಿನಿಂದ ವೈನಿಯ ದನಿ ಬಂತು. "ಬಾಗಲಾ ಹಾಕು."

ಹಾಕಿದ ಬಾಗಿಲು ನನ್ನ ಪಾಲಿಗೆ ತೆರೆಯಲಿಲ್ಲ. ಮಗಳು ಮಾತ್ರ ದಿನಾ ಆ ಮನೆಗೆ ಹೋಗಿ ಗೆಳತಿಗೆ ಮೊಣಕಾಲಿನ ವ್ಯಾಯಾಮ ಮಾಡಿಸಿ ಬರುತ್ತಿದ್ದಳು. ಅದನ್ನು ಒಂದು ಉಪಕಾರವೆಂದು ಎಣಿಸಿದೆ. ಅಷ್ಟು ಎಣಿಸಬಹುದು ಅನ್ನಿಸಿತು.

"ನೀ ಸುಮ್ಮ ಇದ್ದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ," ಎಂದಳು ಒಂದು ದಿನ.

"ಗಣಪ್ಪಗ ಗೊತ್ತಿತ್ತು."

"ಅವ ಹೇಳ್ತಿದ್ದಿಲ್ಲ ಬಿಡು." ಮತ್ತೆ ಕೇಳಿದಳು: "ನಾ ಹೋಗಿದ್ರ ನಿನಗ ಭಾಳ ಖುಷಿ ಆಗ್ತಿತ್ತೇನವ್ವಾ?"

"ಆಗ್ತಿತ್ತು."

"ನನಗೂ ಆಗ್ತಿತ್ತು," ಎಂದಳು. ಪಟ್ಟಿ ಬಂದಂದಿನಿಂದ ಆವತ್ತೇ ಮೊದಲ ಸಲ ನನ್ನೆದುರು ಅತ್ತಳು. ಗಣಪ್ಪನ ಹತ್ತಿರ ಓಡುವ ಮೊದಲು ನಾನು ಇವಳ ಪಕ್ಕ ಹೀಗೆ ಕೂರಬೇಕಿತ್ತು. ಅದೂ ಒಂದು ನಾಚಿಕೆ. ಎಲ್ಲಕ್ಕಿಂತ ದೊಡ್ಡದು ಅದೇ ಇರಬಹುದು.

ಬಾಗಿಲು ಹಾಕಿದ ನಾಲ್ಕನೆಯ ದಿನ ಕಸ ಹೊರಗಿಡಲು ಬಾಗಿಲು ತೆಗೆದರೆ ಹೊಸ್ತಿಲ ಪಕ್ಕ ಸ್ಟೀಲ್ ಡಬ್ಬಿ ಇತ್ತು. ಹಗುರವಾಗಿತ್ತು. ತೆರೆದೆ. ತೊಳೆದು, ಒರೆಸಿ, ಒಣಗಿಸಿದ ಬರೀ ಡಬ್ಬಿ. ಮೂಲೆಯಲ್ಲಿ ಎಲ್ಲಾದರೂ ನಾಲ್ಕು ಕಾಳು ಸಕ್ಕರೆ ಅಂಟಿರಬಹುದೆಂದು ಬೆಳಕಿಗೆ ಹಿಡಿದು ನೋಡಿದೆ, ಬೆರಳಾಡಿಸಿಯೂ ನೋಡಿದೆ. ಇರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ. ವೈನಿ ಎಷ್ಟು ಬೈದಿದ್ದರೂ ನನಗೆ ಅಷ್ಟು ತಟ್ಟುತ್ತಿರಲಿಲ್ಲ. ಅದನ್ನು ಅಡುಗೆಕಟ್ಟೆಯ ಮೇಲೆ ಮುಚ್ಚಳ ತೆಗೆದೇ ಇಟ್ಟೆ. ಅದರಲ್ಲಿ ಏನು ಹಾಕಿ ಕಳಿಸಲಿ? ನಾನು ಏನು ಹಾಕಿದರೂ ಕ್ಷಮೆ ಕೊಳ್ಳಲು ಹೊರಟಂತೆ ಕಾಣುತ್ತಿತ್ತು.

ಇದೆಲ್ಲ ನಡೆಯುವಾಗಲೂ ಗಣಪ್ಪ ನೀರಲ್ಲೇ ಇದ್ದ. ನೀರು ಬದಲಿಸುವಾಗ ನಾನು ಅವನ ಮುಖ ನೋಡುತ್ತಿರಲಿಲ್ಲ.

ಮತ್ತೆ ಐದು ದಿನ ಹೋದವು. ಬೆಳಿಗ್ಗೆ ಹತ್ತರ ಸುಮಾರು, ನಾನು ನೆಲ ಒರೆಸುತ್ತಿದ್ದಾಗ, ಬೆಲ್ ಆಯಿತು. ವೈನಿ. ಮೊಣಕೈವರೆಗೂ ಜೋಳದ ಹಿಟ್ಟು. ಬರ್ರಿ ಎಂದೆ. ಒಳಗೆ ಬಂದರು, ಕೂರಲಿಲ್ಲ.

"ಗಣಪ್ಪ ಇನ್ನೂ ನೀರಾಗ ಅದಾನಂತ, ನಿಮ್ಮ ಹುಡುಗಿ ಹೇಳಿದ್ಲು."

"ಹೌದ್ರಿ."

"ಯಾಕ?"

"ತಗೀಲಿಕ್ಕೆ ನನಗ ಮಾರಿ ಇಲ್ರಿ ವೈನಿ."

"ನಿಮಗ ಮಾರಿ ಇಲ್ಲಂತ ಅವ ಯಾಕ ನೀರಾಗ ಕೂಡಬೇಕು?" ದನಿ ಏರಿತು. "ತಪ್ಪು ಮಾಡಿದವರು ನೀವು, ನೆಗಡಿ ಅವಗ ಆಗಬೇಕೇನು? ತಗೀರಿ ಮದಲ."

ನಾನು ಕೈ ತೊಳೆದು ಬಂದು ಬಟ್ಟಲಿಗೆ ಕೈ ಹಾಕಿದೆ. ವೈನಿ ದೇವರ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರು. ಗಣಪ್ಪ ತಣ್ಣಗಿದ್ದ. ಹೊಟ್ಟೆ ಕಪ್ಪಾಗಿತ್ತು, ಸೊಂಡಿಲ ಸಂದಿಯಲ್ಲಿ ಹಸಿರು ಕಿಲುಬು, ಕಿವಿಯ ಹಿಂದೆ ನಮ್ಮ ಬೋರಿನ ನೀರಿನ ಬಿಳಿ ಕಲೆ. ಮಡಿಬಟ್ಟೆಯಲ್ಲಿ ಒರೆಸಿ ಎತ್ತಿ ಹಿಡಿದೆ. ತಪ್ಪಾಯಿತು ಎಂದೆ. ಯಾರಿಗೆ ಹೇಳಿದೆನೋ, ಇಬ್ಬರೂ ಎದುರಿಗೇ ಇದ್ದರು.

"ನಾ ಇನ್ನೂ ಸಿಟ್ಟನ್ಯಾಗ ಇದ್ದೀನಿ," ಎಂದರು ವೈನಿ.

"ಹೂಂ."

"ಭಾಳ ದಿನಾ ಇರ್ತೀನಿ."

"ಇರ್ರಿ ವೈನಿ."

ಬಾಗಿಲ ತನಕ ಹೋದವರು ತಿರುಗದೆಯೇ ನಿಂತರು. "ಹುಡುಗಿ ಮೆಂತ್ಯದ ಹಿಟ್ಟು ಕೇಳ್ಯಾಳ. ಅನ್ನಾ ಸೇರವಲ್ದು ಆಕಿಗೆ. ನಿಮ್ಮ ಕೈದ ಬೇಕಂತ. ನಾ ಕೇಳಿಲ್ಲ ಮತ್ತ, ಆಕಿ ಕೇಳ್ಯಾಳ."

"ಡಬ್ಬಿ ಇಲ್ಲೇ ಅದ. ಸಂಜೀಕ ಕಳಸ್ತೀನ್ರಿ."

"ಇಂಗು ಜಾಸ್ತಿ ಇರಲಿ," ಎಂದು ಹೋದರು. ಈ ಸಲ ಅವರ ಬಾಗಿಲು ಹಾಕಿಕೊಂಡ ಸದ್ದು ಕೇಳಲಿಲ್ಲ. ಅದನ್ನು ಒಂದು ಎಂದು ಎಣಿಸಿದೆ.

ಗಣಪ್ಪನನ್ನು ತಟ್ಟೆಯಲ್ಲಿ ಮಡಿಬಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿ, ಅವನಿಗಾಗಿ ಒಂದು ನಿಂಬೆ ಗಾತ್ರದ ಹುಣಸೆಹಣ್ಣು ನೆನೆಹಾಕಿದೆ. ಅದು ನೆನೆಯಲು ಹೊತ್ತು ಬೇಕು. ಅಷ್ಟರಲ್ಲಿ ಕಬ್ಬಿಣದ ಬಾಣಲೆ ಒಲೆಯ ಮೇಲಿಟ್ಟು, ಉರಿ ಸಣ್ಣ ಮಾಡಿ, ಮೆಂತ್ಯದ ಹಿಟ್ಟಿಗೆ ಕಡಲೆಬೇಳೆ ಹುರಿಯಲು ನಿಂತೆ.